ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಎಷ್ಟು ದೂರ?

(ಹಾಸನದಲ್ಲಿ ವಿದ್ಯಾರ್ಥಿಗಳು ಮತ್ತು ಸಾರ್ವಜನಿಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಬಂದ ಪುನರುಕ್ತಿಗಳನ್ನು ಕೈಬಿಟ್ಟು, ಕೊನೆಯಲ್ಲಿ ಸಭಿಕರೊಬ್ಬರು ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಸೇರಿಸಿಕೊಂಡಿದ್ದೇನೆ.)

ಸಭಿಕರೆಲ್ಲರಿಗೂ ನಮಸ್ಕಾರ.

ದೂರದ ಎರಡು ವಿಮಾನ ನಿಲ್ದಾಣಗಳ ನಡುವಿನ ಅಂತರದ ಬಗ್ಗೆ ಮಾತನಾಡಲು ನನ್ನನ್ನು ಕೇಳಿದಾಗ, ಉದಾಹರಣೆಗೆ ಯಾವ ಎರಡು ನಿಲ್ದಾಣಗಳನ್ನು ಆರಿಸಿಕೊಳ್ಳಬೇಕೆಂಬ ಬಗ್ಗೆ ನಾನು ಹೆಚ್ಚು ಯೋಚಿಸಬೇಕಾಗಲಿಲ್ಲ. ಹಾಸನ ಜಿಲ್ಲೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮಗನೋ ಮಗಳೋ ಇರುವ ಮನೆಗಳು ಇಂದು ಅಪರೂಪವಲ್ಲ. ಆದ್ದರಿಂದ ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಒಂದು ತುದಿಯಾಗಲಿ, ಸ್ಯಾನ್ ಫ್ರಾನ್ಸಿಸ್ಕೊ ಇನ್ನೊಂದು ತುದಿಯಾಗಲಿ. ಈ ಎರಡರ ನಡುವಿನ ದೂರವನ್ನು ಮೊಬೈಲಿನಲ್ಲಿ ಹುಡುಕಿದರೆ ಸುಮಾರು 13,990 ಕಿಲೋಮೀಟರ್ ಎಂಬ ಉತ್ತರ ಬರುತ್ತದೆ. 2021ರ ಜನವರಿಯಲ್ಲಿ ಈ ನಗರಗಳ ನಡುವೆ ತಡೆರಹಿತ ವಿಮಾನವನ್ನು ಆರಂಭಿಸಿದಾಗ ಏರ್ ಇಂಡಿಯಾ ಕೂಡ 13,993 ಕಿಲೋಮೀಟರ್ ಎಂದೇ ಹೇಳಿತ್ತು. ಲೆಕ್ಕದಲ್ಲಿ ತಪ್ಪೇನೂ ಇಲ್ಲ. ಆದರೆ ಅಷ್ಟೇ ದೂರವನ್ನು, ಅದೇ ಗೆರೆಯ ಮೇಲೆ ಹಾರಿ ಮುಗಿಸಿದ ವಿಮಾನವನ್ನು ತೋರಿಸಿ ಎಂದರೆ ತೋರಿಸುವುದು ಬಹಳ ಕಷ್ಟ. ಲೆಕ್ಕ ಹೇಳುವ ದೂರಕ್ಕೂ ವಿಮಾನ ಹಾರುವ ದೂರಕ್ಕೂ ಏಕೆ ಇಷ್ಟು ಅಂತರ, ಆ ಅಂತರವನ್ನು ಯಾರು ಮತ್ತು ಯಾವುದು ನಿರ್ಧರಿಸುತ್ತದೆ ಎಂಬುದೇ ಇಂದಿನ ವಿಷಯ.

ಮೊದಲು ಲೆಕ್ಕದ ದೂರವನ್ನು ನೋಡೋಣ. ಈ ಮೇಜಿನ ಮೇಲೆ ಶಾಲೆಯಿಂದ ತಂದ ಒಂದು ಗ್ಲೋಬ್ ಇದೆ, ಅದರ ವ್ಯಾಸ 30 ಸೆಂಟಿಮೀಟರ್. ಇದರ ಮೇಲೆ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಸುಮಾರು 425 ಕಿಲೋಮೀಟರ್. ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊದವರೆಗೆ ಎಳೆದು ಬಿಗಿ ಮಾಡಿದರೆ, ದಾರ ತಾನಾಗಿಯೇ ಜಾರಿ ಒಂದು ಜಾಗದಲ್ಲಿ ನಿಲ್ಲುತ್ತದೆ. ಅದು ನಿಂತ ಜಾಗವನ್ನು ಮುಂದಿನ ಸಾಲಿನಲ್ಲಿರುವವರು ಹತ್ತಿರದಿಂದ ನೋಡಬಹುದು. ಅದು ಪೂರ್ವಕ್ಕೂ ಹೋಗಿಲ್ಲ, ಪಶ್ಚಿಮಕ್ಕೂ ಹೋಗಿಲ್ಲ, ಉತ್ತರಕ್ಕೆ ಹತ್ತಿದೆ. ನಾಗಪುರದ ಪೂರ್ವಕ್ಕೆ, ಗೋರಖಪುರದ ಆಸುಪಾಸಿನಲ್ಲಿ ಹಾದು, ನೇಪಾಳ ಮತ್ತು ಟಿಬೆಟ್ ದಾಟಿ, ಚೀನಾದ ಶಿಂಜಿಯಾಂಗ್, ಮಂಗೋಲಿಯಾದ ಪಶ್ಚಿಮ ಭಾಗ, ರಷ್ಯಾದ ಯಾಕುತಿಯಾಗಳ ಮೇಲೆ ಸಾಗಿ, ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಆರ್ಕ್ಟಿಕ್ ಸಾಗರದ ಅಂಚನ್ನು ಮುಟ್ಟಿ, ಅಲ್ಲಿಂದ ಅಲಾಸ್ಕದ ಮೇಲೆ ಕೆಳಗಿಳಿದು ಅಮೆರಿಕದ ಪಶ್ಚಿಮ ತೀರವನ್ನು ಸೇರುತ್ತದೆ. ಗಣಿತದಲ್ಲಿ ಇದಕ್ಕೆ ಮಹಾವೃತ್ತದ ಹಾದಿ ಎನ್ನುತ್ತಾರೆ. ಭೂಮಿಯ ಕೇಂದ್ರದ ಮೂಲಕ ಹಾದುಹೋಗುವಂತೆ ಭೂಮಿಯನ್ನು ಎರಡು ಸಮ ಹೋಳು ಮಾಡಿದರೆ ಅಂಚಿನಲ್ಲಿ ದೊರೆಯುವ ವೃತ್ತವೇ ಮಹಾವೃತ್ತ. ಗೋಳದ ಮೇಲಿನ ಯಾವ ಎರಡು ಬಿಂದುಗಳ ನಡುವೆಯಾದರೂ ಅತಿ ಹತ್ತಿರದ ದಾರಿ ಅಂಥ ವೃತ್ತದ ತುಣುಕೇ ಆಗಿರುತ್ತದೆ.

ಗೋಡೆಯ ಮೇಲಿನ ಭೂಪಟವನ್ನು ನೋಡಿ ಬೆಳೆದ ಕಣ್ಣಿಗೆ ಇದು ಒಪ್ಪುವುದಿಲ್ಲ. ನಮ್ಮ ತರಗತಿಗಳಲ್ಲಿ ತೂಗುಹಾಕಿದ ಪ್ರಪಂಚದ ನಕಾಶೆಗಳಲ್ಲಿ ಬಹಳಷ್ಟು 1569ರಲ್ಲಿ ಗೆರಾರ್ಡಸ್ ಮರ್ಕೇಟರ್ ರೂಪಿಸಿದ ಪದ್ಧತಿಯವು, ಇಲ್ಲವೇ ಅದರ ಹತ್ತಿರದ ಸಂಬಂಧಿಗಳು. ಮರ್ಕೇಟರ್ ಅದನ್ನು ಮಾಡಿದ್ದು ನಾವಿಕರಿಗಾಗಿ. ದಿಕ್ಸೂಚಿಯನ್ನು ಒಂದೇ ಕೋನದಲ್ಲಿ ಇಟ್ಟುಕೊಂಡು ಸಾಗುವ ಹಡಗಿನ ದಾರಿ ಆ ನಕಾಶೆಯಲ್ಲಿ ನೇರ ಗೆರೆಯಾಗಿ ಕಾಣುತ್ತದೆ. ಅದು ದೊಡ್ಡ ಅನುಕೂಲವೇ ಹೌದು. ಆದರೆ ಅದಕ್ಕಾಗಿ ಧ್ರುವಗಳ ಕಡೆಯ ನಾಡುಗಳನ್ನು ವಿಪರೀತ ಹಿಗ್ಗಿಸಬೇಕಾಯಿತು. ಆಫ್ರಿಕಾದ ಹದಿನಾಲ್ಕನೆಯ ಒಂದು ಭಾಗದಷ್ಟಿರುವ ಗ್ರೀನ್‌ಲ್ಯಾಂಡ್ ಆ ನಕಾಶೆಯಲ್ಲಿ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುವುದು ಇದೇ ಕಾರಣಕ್ಕೆ. ಮರ್ಕೇಟರ್ ನಕಾಶೆಯಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಅಡಿಪಟ್ಟಿ ಇಟ್ಟು ಗೆರೆ ಎಳೆದರೆ ಅದು ಬಂಗಾಳ ಕೊಲ್ಲಿಯನ್ನು ದಾಟಿ, ತೈವಾನಿನ ದಕ್ಷಿಣಕ್ಕೆ, ಹವಾಯಿಯ ಉತ್ತರಕ್ಕೆ ಪೆಸಿಫಿಕ್ ಮೇಲೆ ಸಾಗುತ್ತದೆ. ನೋಡಲು ನೇರವಾದ ಈ ದಾರಿಯ ಉದ್ದವನ್ನು ಲೆಕ್ಕ ಹಾಕಿದರೆ ಸುಮಾರು 16,110 ಕಿಲೋಮೀಟರ್ ಬರುತ್ತದೆ. ಅಂದರೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ಸುತ್ತು, ವಿಮಾನದ ವೇಗದಲ್ಲಿ ಎರಡು ಗಂಟೆಗೂ ಹೆಚ್ಚು ಕಾಲ. ಶಾಲೆಗಳಲ್ಲಿ ನಕಾಶೆಗಿಂತ ಮೊದಲು ಗ್ಲೋಬನ್ನು ಮಕ್ಕಳ ಕೈಗೆ ಕೊಡಬೇಕು ಎಂಬುದು ನನ್ನ ಹಳೆಯ ಹಟ. ಅದನ್ನು ಇಲ್ಲಿ ಹೆಚ್ಚು ಬೆಳೆಸುವುದಿಲ್ಲ.

ಇದರಿಂದ ಒಂದು ಮೋಜಿನ ಸಂಗತಿ ಹೊರಡುತ್ತದೆ. ಹಾಸನದಲ್ಲಿ ನಿಂತು ಕ್ಯಾಲಿಫೋರ್ನಿಯಾದ ಕಡೆಗೆ ಮುಖ ಮಾಡಬೇಕೆಂದರೆ ಉತ್ತರಕ್ಕೆ ತಿರುಗಿ, ಅಲ್ಲಿಂದ ಸುಮಾರು 18 ಡಿಗ್ರಿಯಷ್ಟು ಬಲಕ್ಕೆ ಹೊರಳಬೇಕು. ಅದು ಹೆಚ್ಚುಕಡಿಮೆ ಅರಸೀಕೆರೆಯ ದಿಕ್ಕು. ಅದೇ ದಕ್ಷಿಣ ಅಮೆರಿಕದ ಪೆರು ದೇಶದ ರಾಜಧಾನಿ ಲಿಮಾದ ಕಡೆಗೆ ನೋಡಬೇಕಾದರೆ ಬಹುಮಟ್ಟಿಗೆ ನೇರ ಪಶ್ಚಿಮಕ್ಕೆ, ಅಂದರೆ ಸಕಲೇಶಪುರದ ಕಡೆಗೆ ತಿರುಗಬೇಕು. ಎರಡೂ ಅಮೆರಿಕಗಳ ಪಶ್ಚಿಮ ತೀರದ ಊರುಗಳೇ, ಆದರೂ ದಿಕ್ಕುಗಳು ಇಷ್ಟು ಬೇರೆ.

ಲೆಕ್ಕ ಹಾಕುವ ವಿಧಾನವನ್ನು ಬೇಗನೆ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದು ಕಷ್ಟದ್ದಲ್ಲ. ಪ್ರತಿ ವಿಮಾನ ನಿಲ್ದಾಣಕ್ಕೂ ಅಧಿಕೃತವಾದ ಒಂದು ಬಿಂದುವನ್ನು ಗೊತ್ತುಪಡಿಸಿ ಅದರ ಅಕ್ಷಾಂಶ, ರೇಖಾಂಶಗಳನ್ನು ದಾಖಲಿಸಿರುತ್ತಾರೆ. ಬೆಂಗಳೂರಿನದು ಸುಮಾರು 13.2 ಡಿಗ್ರಿ ಉತ್ತರ, 77.7 ಡಿಗ್ರಿ ಪೂರ್ವ. ಸ್ಯಾನ್ ಫ್ರಾನ್ಸಿಸ್ಕೊದ್ದು 37.6 ಡಿಗ್ರಿ ಉತ್ತರ, 122.4 ಡಿಗ್ರಿ ಪಶ್ಚಿಮ. ಪಿಯುಸಿಯಲ್ಲಿ ಕಲಿತ ತ್ರಿಕೋನಮಿತಿಯಷ್ಟರಿಂದಲೇ ಈ ನಾಲ್ಕು ಸಂಖ್ಯೆಗಳಿಂದ ಭೂಮಿಯ ಕೇಂದ್ರದಲ್ಲಿ ಉಂಟಾಗುವ ಕೋನವನ್ನು ಕಂಡುಹಿಡಿಯಬಹುದು. ಇಲ್ಲಿ ಅದು 125.8 ಡಿಗ್ರಿ. ಭೂಮಿಯ ಸರಾಸರಿ ತ್ರಿಜ್ಯವನ್ನು 6,371 ಕಿಲೋಮೀಟರ್ ಎಂದು ಹಿಡಿದರೆ ಒಂದು ಡಿಗ್ರಿಗೆ 111.2 ಕಿಲೋಮೀಟರ್, ಗುಣಿಸಿದರೆ ಉತ್ತರ ಸಿದ್ಧ. ವಿಮಾನಯಾನದಲ್ಲಿ ಇಂದಿಗೂ ನಾಟಿಕಲ್ ಮೈಲಿಯನ್ನು ಬಳಸುವುದಕ್ಕೂ ಇಲ್ಲೇ ಕಾರಣವಿದೆ: ಆ ಡಿಗ್ರಿಯ ಅರವತ್ತನೆಯ ಒಂದು ಭಾಗವೇ ನಾಟಿಕಲ್ ಮೈಲಿ, ಈಗ ಅದನ್ನು 1,852 ಮೀಟರ್ ಎಂದು ನಿಗದಿ ಮಾಡಿದ್ದಾರೆ. ಭೂಮಿ ಪೂರ್ಣ ಗೋಳವಲ್ಲ, ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆ. ಸಮಭಾಜಕದಲ್ಲಿ ತ್ರಿಜ್ಯ 6,378 ಕಿಲೋಮೀಟರ್, ಧ್ರುವದಲ್ಲಿ 6,357. ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಸೂತ್ರವನ್ನು 1975ರಲ್ಲಿ ತಾಡೆಯಸ್ ವಿನ್ಸೆಂಟಿ ಪ್ರಕಟಿಸಿದರು, ಅದು ಮಿಲಿಮೀಟರಿನ ಮಟ್ಟದವರೆಗೂ ನಿಖರ. ಎರಡು ಬಗೆಯ ಲೆಕ್ಕಗಳ ನಡುವಿನ ವ್ಯತ್ಯಾಸ ಶೇಕಡಾ ಅರ್ಧದಷ್ಟನ್ನು ದಾಟುವುದು ವಿರಳ. ಮೇಲೆ ಹಾರುವ ವಿಮಾನ ಭೂಮಿಯ ಕೇಂದ್ರದಿಂದ ಇನ್ನೂ 11 ಕಿಲೋಮೀಟರ್ ದೂರದಲ್ಲಿರುವುದರಿಂದ ಅದರ ಕಂಸ ನೆಲದ ಮೇಲಿನ ಕಂಸಕ್ಕಿಂತ 24 ಕಿಲೋಮೀಟರಿನಷ್ಟು ಉದ್ದವಾಗುತ್ತದೆ, ಅಷ್ಟೆ.

ನಿಜವಾದ ವ್ಯತ್ಯಾಸಗಳು ಬರುವುದು ಬೇರೆ ಕಡೆಯಿಂದ. ಅವುಗಳಲ್ಲಿ ಮೊದಲನೆಯದು ಗಾಳಿ.

ಮಧ್ಯ ಅಕ್ಷಾಂಶಗಳಲ್ಲಿ, ವಿಮಾನಗಳು ಹಾರುವ ಎತ್ತರದಲ್ಲಿಯೇ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಪ್ರವಾಹಗಳೆಂಬ ವೇಗದ ಗಾಳಿಯ ಹೊಳೆಗಳು ಹರಿಯುತ್ತವೆ. ಚಳಿಗಾಲದಲ್ಲಿ ಅವುಗಳ ಬಿರುಸು ಹೆಚ್ಚು. 2020ರ ಫೆಬ್ರವರಿಯಲ್ಲಿ ಬಿರುಗಾಳಿಯೊಂದರ ಜೊತೆಗಿದ್ದ ಜೆಟ್ ಪ್ರವಾಹವನ್ನು ಹಿಡಿದ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷಗಳಲ್ಲಿ ಬಂದಿತು. ನೆಲಕ್ಕೆ ಹೋಲಿಸಿದ ಅದರ ವೇಗ ಒಂದು ಹಂತದಲ್ಲಿ ಗಂಟೆಗೆ 1,300 ಕಿಲೋಮೀಟರನ್ನು ದಾಟಿತ್ತು. ಇದರಿಂದ ವಿಮಾನ ಶಬ್ದದ ವೇಗವನ್ನು ಮೀರಿತು ಎಂದು ತಿಳಿಯಬಾರದು. ಸುತ್ತಲಿನ ಗಾಳಿಗೆ ಹೋಲಿಸಿದರೆ ಅದು ಎಂದಿನ ವೇಗದಲ್ಲೇ ಇತ್ತು, ಗಾಳಿಯೇ ಅದನ್ನು ಹೊತ್ತು ಸಾಗಿತು. ಪೂರ್ವಕ್ಕೆ ಹೋಗುವಾಗ ಮತ್ತು ಪಶ್ಚಿಮಕ್ಕೆ ಹೋಗುವಾಗ ಬೇರೆ ಬೇರೆ ಸಮಯ ಹಿಡಿಯುವುದಕ್ಕೆ ಭೂಮಿ ತಿರುಗುವುದೇ ಕಾರಣವೆಂದು ಹಲವರು ನಂಬಿದ್ದಾರೆ. ಭೂಮಿಯ ಜೊತೆಗೆ ವಾತಾವರಣವೂ ತಿರುಗುತ್ತದೆ, ನಿಲ್ದಾಣದಲ್ಲಿ ನಿಂತ ವಿಮಾನವೂ ತಿರುಗುತ್ತಿರುತ್ತದೆ. ಆದ್ದರಿಂದ ಆ ವಿವರಣೆ ಹಾಗೆಯೇ ನಿಲ್ಲುವುದಿಲ್ಲ.

ಒಂದು ಸರಳ ಲೆಕ್ಕ ಮಾಡೋಣ. ಗಾಳಿಗೆ ಹೋಲಿಸಿದಂತೆ ವಿಮಾನದ ವೇಗ ಗಂಟೆಗೆ 900 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಗಾಳಿಯೇ ಇಲ್ಲದಿದ್ದರೆ ನಮ್ಮ 13,990 ಕಿಲೋಮೀಟರಿಗೆ ಹದಿನೈದೂವರೆ ಗಂಟೆ ಬೇಕು. ದಾರಿಯುದ್ದಕ್ಕೂ ಸರಾಸರಿ 80 ಕಿಲೋಮೀಟರ್ ವೇಗದ ಎದುರುಗಾಳಿ ಇದ್ದರೆ ಅದು ಹದಿನೇಳು ಗಂಟೆಯಾಗುತ್ತದೆ. ಅಷ್ಟೇ ಗಾಳಿ ಹಿಂದಿನಿಂದ ನೂಕಿದರೆ ಹದಿನಾಲ್ಕು ಗಂಟೆ ಹದಿನೇಳು ನಿಮಿಷ. ವಿಮಾನದ ಯೋಜನೆ ಸಿದ್ಧಪಡಿಸುವವರು ಇದನ್ನು ದೂರವನ್ನಾಗಿಯೂ ಬರೆದುಕೊಳ್ಳುತ್ತಾರೆ. ವಿಮಾನ ಗಾಳಿಯೊಳಗೆ ಎಷ್ಟು ದೂರ ಸಾಗಬೇಕಾಯಿತು ಎಂಬುದು ಅವರ ಪ್ರಶ್ನೆ. ಎದುರುಗಾಳಿಯಲ್ಲಿ ಅದು ಸುಮಾರು 15,350 ಕಿಲೋಮೀಟರ್. ಗಾಳಿ ಬೆನ್ನಿಗಿದ್ದರೆ 12,850, ಅಂದರೆ ಗ್ಲೋಬಿನ ಮೇಲಿನ ಅತಿ ಕಡಿಮೆ ದೂರಕ್ಕಿಂತಲೂ ಕಡಿಮೆ! ಇಂಧನ ಸುಡುವುದು ಈ ದೂರಕ್ಕೆ, ನಕಾಶೆಯ ದೂರಕ್ಕಲ್ಲ. ಹಾಗಾಗಿ ಮಹಾವೃತ್ತವನ್ನು ಬಿಟ್ಟು ಐನೂರು ಆರುನೂರು ಕಿಲೋಮೀಟರ್ ಸುತ್ತಿ ಹೋದರೂ ಒಳ್ಳೆಯ ಗಾಳಿ ಸಿಗುವುದಾದರೆ ಅದೇ ಹತ್ತಿರದ ದಾರಿ. ಸಿಂಗಪುರ ಮತ್ತು ನ್ಯೂಯಾರ್ಕಿನ ಜೆ.ಎಫ್.ಕೆ. ನಿಲ್ದಾಣಗಳ ನಡುವೆ ಸಿಂಗಪುರ ಏರ್‌ಲೈನ್ಸ್ 2020ರಿಂದ ನಡೆಸುತ್ತಿರುವ ವಿಮಾನದ ನೇರ ದೂರ 15,349 ಕಿಲೋಮೀಟರ್, ಹಿಡಿಯುವ ಕಾಲ ಹದಿನೆಂಟೂವರೆ ಗಂಟೆಗೂ ಮೇಲೆ. ನ್ಯೂಯಾರ್ಕಿಗೆ ಹೋಗುವಾಗ ಅದು ಬಹಳ ಸಲ ಪೆಸಿಫಿಕ್ ಸಾಗರದ ಮೇಲಿನ ಉದ್ದದ ದಾರಿಯನ್ನು ಹಿಡಿಯುತ್ತದೆ; ಅಲ್ಲಿ ಪಶ್ಚಿಮದ ಗಾಳಿ ಅದರ ಬೆನ್ನಿಗಿರುತ್ತದೆ.

ಎರಡನೆಯದು ಬೆಟ್ಟ. ದಾರ ಟಿಬೆಟಿನ ಮೇಲೆ ಹಾದುಹೋದದ್ದನ್ನು ನೋಡಿದಿರಿ. ವಿಮಾನ ಹಿಮಾಲಯಕ್ಕಿಂತ ಎತ್ತರದಲ್ಲೇ ಹಾರುತ್ತದೆಯಲ್ಲ, ಭಯವೇಕೆ ಎಂದು ಕೇಳಬಹುದು. ತೊಂದರೆ ಇರುವುದು ಹಾರುವುದರಲ್ಲಲ್ಲ, ಇಳಿಯಬೇಕಾಗಿ ಬಂದಾಗ. ಒಳಗಿನ ಗಾಳಿಯ ಒತ್ತಡ ಕುಸಿದರೆ ತಲೆಯ ಮೇಲಿಂದ ಮುಖವಾಡಗಳು ಇಳಿದುಬೀಳುತ್ತವೆ. ಸಾಮಾನ್ಯ ವಿಮಾನಗಳಲ್ಲಿ ಅವು ಆಮ್ಲಜನಕ ಕೊಡುವುದು ಹನ್ನೆರಡರಿಂದ ಇಪ್ಪತ್ತು ನಿಮಿಷಗಳವರೆಗೆ ಮಾತ್ರ. ಅಷ್ಟರೊಳಗೆ ಪೈಲಟ್ 10,000 ಅಡಿಯ ಸುಮಾರಿಗೆ ಇಳಿದು, ಎಲ್ಲರೂ ಸಹಜವಾಗಿ ಉಸಿರಾಡುವಂತೆ ಮಾಡಬೇಕು. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ ಸುಮಾರು 4,500 ಮೀಟರ್, ಅಂದರೆ 14,000 ಅಡಿಗೂ ಮಿಗಿಲು. ನಮ್ಮ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಅದರ ಎರಡು ಪಟ್ಟಿಗಿಂತಲೂ ಎತ್ತರದಲ್ಲಿ ಅಲ್ಲಿ ಸಮತಟ್ಟಾದ ನೆಲವಿದೆ. ಇಳಿಯಲು ಅಲ್ಲಿ ಜಾಗವೇ ಇಲ್ಲ. ಆದ್ದರಿಂದ ದೂರದ ವಿಮಾನಗಳು ಸಾಮಾನ್ಯವಾಗಿ ಆ ನಾಡಿನ ಮೇಲೆ ಹಾರದೆ ಅದನ್ನು ಸುತ್ತಿಕೊಂಡೇ ಹೋಗುತ್ತವೆ.

2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು 11ರ ಬೆಳಗಿನ ಜಾವ ಬೆಂಗಳೂರಿಗೆ ಬಂದ ಏರ್ ಇಂಡಿಯಾದ ಮೊದಲ ತಡೆರಹಿತ ವಿಮಾನ ಉತ್ತರ ಧ್ರುವದ ಮೇಲಿನಿಂದ ಬಂದದ್ದು ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ. ಅದು ಬೋಯಿಂಗ್ 777-200 ಎಲ್‌ಆರ್ ವಿಮಾನ. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನಾಯಕತ್ವದಲ್ಲಿ ಅದನ್ನು ಹಾರಿಸಿದ ಪೈಲಟ್‌ಗಳೆಲ್ಲರೂ ಮಹಿಳೆಯರು. ಬೆಂಗಳೂರಿನಿಂದ ಧ್ರುವಕ್ಕೆ, ಧ್ರುವದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಇರುವ ದೂರಗಳನ್ನು ಕೂಡಿಸಿದರೆ ಸುಮಾರು 14,360 ಕಿಲೋಮೀಟರ್, ಅಂದರೆ ಅತಿ ಹತ್ತಿರದ ದಾರಿಗಿಂತ 370 ಕಿಲೋಮೀಟರಿನಷ್ಟು ಮಾತ್ರ ಹೆಚ್ಚು. ಇಷ್ಟು ಉದ್ದದ ಪಯಣದಲ್ಲಿ ಅದು ಇಪ್ಪತ್ತೈದು ನಿಮಿಷದ ಮಾತು. ಆದರೆ ಧ್ರುವದ ದಾರಿಗೆ ಬೇರೆ ಎಚ್ಚರಗಳು ಬೇಕು. ಅಲ್ಲಿ ಕಾಂತ ದಿಕ್ಸೂಚಿಯನ್ನು ನಂಬುವಂತಿಲ್ಲ. ವಿಮಾನದ ಇಂಧನದ ಒಂದು ಬಗೆ ಮೈನಸ್ 40 ಡಿಗ್ರಿಯಲ್ಲಿ, ಇನ್ನೊಂದು ಬಗೆ ಮೈನಸ್ 47 ಡಿಗ್ರಿಯಲ್ಲಿ ಹೆಪ್ಪುಗಟ್ಟಲು ತೊಡಗುವುದರಿಂದ ಟ್ಯಾಂಕಿನ ಉಷ್ಣತೆಯನ್ನು ನೋಡುತ್ತಲೇ ಇರಬೇಕು. ಎರಡೇ ಎಂಜಿನ್‌ಗಳ ವಿಮಾನವಾದರೆ, ಒಂದು ಕೆಟ್ಟರೂ ಇನ್ನೊಂದರ ಬಲದಿಂದ ನಿಗದಿತ ಅವಧಿಯೊಳಗೆ ಮುಟ್ಟಬಲ್ಲ ನಿಲ್ದಾಣವೊಂದು ದಾರಿಯ ಪ್ರತಿ ಹಂತದಲ್ಲೂ ಇರಬೇಕು. ಇದು ಬರಿಯ ಕಾಗದದ ನಿಯಮವಲ್ಲ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ವಿಮಾನವೊಂದು ಎಂಜಿನ್‌ನ ತಾಂತ್ರಿಕ ತೊಂದರೆಯಿಂದಾಗಿ ರಷ್ಯಾದ ಪೂರ್ವ ತುದಿಯ ಮಗದಾನ್‌ನಲ್ಲಿ ಇಳಿಯಿತು. ಅದರಲ್ಲಿದ್ದ ಇನ್ನೂರಕ್ಕೂ ಹೆಚ್ಚು ಪ್ರಯಾಣಿಕರನ್ನು ಕರೆದೊಯ್ಯಲು ಬೇರೆ ವಿಮಾನವನ್ನು ಕಳುಹಿಸಬೇಕಾಯಿತು.

ಇನ್ನು ಮೂರನೆಯದು ಅನುಮತಿ. ನನ್ನ ಅಭಿಪ್ರಾಯದಲ್ಲಿ ಇಂದು ಎರಡು ನಿಲ್ದಾಣಗಳ ದೂರವನ್ನು ಗಾಳಿಗಿಂತಲೂ ಬೆಟ್ಟಕ್ಕಿಂತಲೂ ಹೆಚ್ಚಾಗಿ ಬದಲಿಸುತ್ತಿರುವುದು ಇದೇ. ಹಾಸನದವರಿಗೆ ಇದನ್ನು ವಿವರಿಸುವುದು ಸುಲಭ. ಇಲ್ಲಿಂದ ಮಂಗಳೂರಿಗೆ ಕಾಗೆ ಹಾರಿದರೆ 140 ಕಿಲೋಮೀಟರಿಗಿಂತ ಕಡಿಮೆ, ಶಿರಾಡಿ ಘಾಟಿಯ ರಸ್ತೆಯಲ್ಲಿ ಸುಮಾರು 170. ಮಳೆಗಾಲದಲ್ಲಿ ಗುಡ್ಡ ಕುಸಿದು ಶಿರಾಡಿ ಬಂದ್ ಆದ ದಿನ ಚಾರ್ಮಾಡಿಯನ್ನೋ ಸಂಪಾಜೆಯನ್ನೋ ಸುತ್ತಬೇಕು. ಮಂಗಳೂರು ಎಲ್ಲಿಗೂ ಸರಿದಿಲ್ಲ, ಆದರೂ ದೂರವಾಗಿದೆ. ದೇಶಗಳು ತಮ್ಮ ವಾಯುಪ್ರದೇಶವನ್ನು ಮುಚ್ಚಿದಾಗ ಆಗುವುದೂ ಹೀಗೆಯೇ. ವ್ಯತ್ಯಾಸವೆಂದರೆ ಅಲ್ಲಿ ದಾರಿ ಯಾವಾಗ ತೆರೆಯುತ್ತದೆ ಎಂಬುದನ್ನು ಮಳೆ ತೀರ್ಮಾನಿಸುವುದಿಲ್ಲ.

ಶೀತಲ ಸಮರದ ಕಾಲದಲ್ಲಿ ಸೋವಿಯತ್ ಒಕ್ಕೂಟದ ಆಕಾಶ ಪಶ್ಚಿಮದ ಬಹಳಷ್ಟು ವಿಮಾನಗಳಿಗೆ ಮುಚ್ಚಿತ್ತು. ಯುರೋಪಿನಿಂದ ಟೋಕಿಯೊಗೆ ಹೋಗುವವರು ಉತ್ತರದ ದಾರಿ ಹಿಡಿದು, ಅಲಾಸ್ಕದ ಆಂಕರೇಜ್‌ನಲ್ಲಿ ಇಂಧನ ತುಂಬಿಸಿಕೊಂಡು ಹೋಗುತ್ತಿದ್ದರು. 1983ರಲ್ಲಿ ಫಿನ್ನೇರ್ ಸಂಸ್ಥೆ ಹೆಲ್ಸಿಂಕಿಯಿಂದ ಉತ್ತರ ಧ್ರುವದ ಮೇಲೆ ಸುತ್ತಿಕೊಂಡು ಟೋಕಿಯೊಗೆ ನಿಲ್ಲದೆ ಹಾರುವ ವಿಮಾನವನ್ನು ಆರಂಭಿಸಿತು. ಅದೇ ವರ್ಷದ ಸೆಪ್ಟೆಂಬರ್ 1ರಂದು ಆಂಕರೇಜ್‌ನಿಂದ ಸೋಲ್‌ಗೆ ಹೊರಟಿದ್ದ ಕೊರಿಯನ್ ಏರ್‌ಲೈನ್ಸ್‌ನ 007 ಸಂಖ್ಯೆಯ ವಿಮಾನ ನಿಗದಿತ ದಾರಿಯಿಂದ ನೂರಾರು ಕಿಲೋಮೀಟರ್ ಸರಿದು ಸೋವಿಯತ್ ಆಕಾಶವನ್ನು ಹೊಕ್ಕಿತು. ಸೋವಿಯತ್ ಯುದ್ಧವಿಮಾನ ಅದನ್ನು ಹೊಡೆದುರುಳಿಸಿತು. ಅದರಲ್ಲಿದ್ದ 269 ಮಂದಿಯೂ ಸತ್ತರು. ಆಟೋಪೈಲಟನ್ನು ಸರಿಯಾದ ವ್ಯವಸ್ಥೆಗೆ ಜೋಡಿಸದೆ, ಒಂದೇ ದಿಕ್ಕಿಗೆ ಹಾರುವಂತೆ ಬಿಟ್ಟದ್ದು ಮುಖ್ಯ ಕಾರಣವೆಂದು ತನಿಖೆ ಹೇಳಿತು. ಸಿದ್ಧವಾಗುತ್ತಿದ್ದ ಜಿಪಿಎಸ್ ವ್ಯವಸ್ಥೆಯನ್ನು ನಾಗರಿಕ ಬಳಕೆಗೂ ಒದಗಿಸುವುದಾಗಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಸರ್ಕಾರ ಪ್ರಕಟಿಸಿದ್ದು ಈ ದುರಂತದ ನಂತರ. ಆ ಸಾಲಿನಲ್ಲಿ ಭಾರತ ತನ್ನದೇ ಆದ 'ಗಗನ್' ಎಂಬ ನೆರವು ವ್ಯವಸ್ಥೆಯನ್ನು ರೂಪಿಸಿಕೊಂಡಿತು. ಅದು ಜಿಪಿಎಸ್ ಸಂಕೇತದ ದೋಷಗಳನ್ನು ತಿದ್ದಿ ವಿಮಾನಗಳಿಗೆ ತಿಳಿಸುತ್ತದೆ. ಅದರ ಉಪಕರಣಗಳನ್ನು ಹೊತ್ತ ಜಿಸ್ಯಾಟ್-8, ಜಿಸ್ಯಾಟ್-10 ಉಪಗ್ರಹಗಳು ಕಕ್ಷೆ ಸೇರಿದಾಗ ಅವುಗಳ ನಿಯಂತ್ರಣವನ್ನು ವಹಿಸಿಕೊಂಡದ್ದು ಇದೇ ಊರಿನ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ. ಅವು ಇರುವುದು ನೆಲದಿಂದ 35,786 ಕಿಲೋಮೀಟರ್ ಎತ್ತರದಲ್ಲಿ. ಈ ಊರಿನಲ್ಲಿ ಕುಳಿತು ಅಷ್ಟು ದೂರವನ್ನು ದಿನವೂ ನಿಭಾಯಿಸುವವರಿಗೆ ನಮ್ಮ 13,990 ಕಿಲೋಮೀಟರ್ ಸಣ್ಣದಾಗಿಯೇ ಕಂಡೀತು.

ಮುಚ್ಚಿದ ಆಕಾಶಗಳ ಕಥೆ 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ನಂತರ ಮುಗಿಯಿತೆಂದು ಎಲ್ಲರೂ ಭಾವಿಸಿದ್ದರು. 2022ರಲ್ಲಿ ಯುಕ್ರೇನ್ ಯುದ್ಧ ಆರಂಭವಾದೊಡನೆ ರಷ್ಯಾ ಹಲವು ಪಾಶ್ಚಾತ್ಯ ದೇಶಗಳ ವಿಮಾನಗಳಿಗೆ ತನ್ನ ಆಕಾಶವನ್ನು ಮತ್ತೆ ಮುಚ್ಚಿತು. ಸುಮಾರು ಒಂಬತ್ತೂವರೆ ಗಂಟೆಯಲ್ಲಿ ಮುಗಿಯುತ್ತಿದ್ದ ಹೆಲ್ಸಿಂಕಿ–ಟೋಕಿಯೊ ಪಯಣ ಹದಿಮೂರು ಗಂಟೆಗೆ ಏರಿತು. ಬೆಂಗಳೂರಿಗೂ ಇದರ ಬಿಸಿ ತಟ್ಟಿದೆ. ಸಿಯಾಟಲ್‌ನಿಂದ ಬೆಂಗಳೂರಿಗೆ ಅಮೆರಿಕನ್ ಏರ್‌ಲೈನ್ಸ್ 2020ರಲ್ಲಿ ಘೋಷಿಸಿದ್ದ ವಿಮಾನಕ್ಕೆ ಮೊದಲು ಕೋವಿಡ್ ಅಡ್ಡ ಬಂತು, ಅಷ್ಟರಲ್ಲಿ ರಷ್ಯಾದ ಆಕಾಶ ಮುಚ್ಚಿತು. ಆ ವಿಮಾನ ಹಾರಲೇ ಇಲ್ಲ. ಭಾರತದ ಸಂಸ್ಥೆಗಳಿಗೆ ರಷ್ಯಾ ಮುಚ್ಚಿಲ್ಲ, ಆದರೆ ನೆರೆಯ ಆಕಾಶ ಮುಚ್ಚಿದೆ. 2019ರಲ್ಲಿ ಫೆಬ್ರವರಿಯ ಕೊನೆಯಿಂದ ಜುಲೈ ಮಧ್ಯದವರೆಗೆ ಪಾಕಿಸ್ತಾನದ ವಾಯುಪ್ರದೇಶದ ಬಹುಭಾಗ ಬಂದ್ ಆಗಿತ್ತು. 2025ರ ಏಪ್ರಿಲ್ ಕೊನೆಯಲ್ಲಿ ಅದು ಭಾರತದ ವಿಮಾನಗಳಿಗೆ ಮತ್ತೆ ಮುಚ್ಚಿತು. ಆ ವಾರವೇ ಇಂಡಿಗೋ ಸಂಸ್ಥೆ ದೆಹಲಿಯಿಂದ ಅಲ್ಮಾಟಿ ಮತ್ತು ತಾಷ್ಕೆಂಟ್‌ಗಳಿಗೆ ಹೋಗುವ ವಿಮಾನಗಳನ್ನು ನಿಲ್ಲಿಸಬೇಕಾಯಿತು. ಗ್ಲೋಬಿನ ಮೇಲೆ ಆ ಎರಡೂ ಊರುಗಳು ದೆಹಲಿಯಿಂದ ಸುಮಾರು 1,600 ಕಿಲೋಮೀಟರ್, ಅಂದರೆ ಬೆಂಗಳೂರಿಗಿಂತ ಹತ್ತಿರ. ಸುತ್ತು ದಾರಿಯಲ್ಲಿ ಅವು ಆ ಸಂಸ್ಥೆಯ ಅಂದಿನ ವಿಮಾನಗಳಿಗೆ ಎಟುಕದಷ್ಟು ದೂರವಾದವು.

ಉಪನ್ಯಾಸ ಮುಗಿದ ಮೇಲೆ ಪದವಿ ವಿದ್ಯಾರ್ಥಿಯೊಬ್ಬರು, "ಸರ್, ಒಂದು ವಿಮಾನ ನಿಲ್ಲದೆ ಹೋಗಬಹುದಾದ ಅತಿ ಹೆಚ್ಚಿನ ದೂರ ಎಷ್ಟು? ಇಲ್ಲಿಂದ ಭೂಮಿಯ ಆ ಬದಿಗೆ ಹೋಗಲಾಗುತ್ತದೆಯೆ?" ಎಂದು ಕೇಳಿದರು.

ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್ ಆದ್ದರಿಂದ ಯಾವ ಎರಡು ಸ್ಥಳಗಳ ನಡುವೆಯೂ ಅತಿ ಹತ್ತಿರದ ದಾರಿ 20,000 ಕಿಲೋಮೀಟರನ್ನು ಮೀರಲಾರದು. ಹಾಸನಕ್ಕೆ ನೇರ ಎದುರು ಬದಿಯಲ್ಲಿರುವುದು ಪೆರುವಿನ ಪಶ್ಚಿಮಕ್ಕೆ, ನೆಲದಿಂದ ಬಹಳ ದೂರದ ಪೆಸಿಫಿಕ್ ಸಾಗರ. ಹತ್ತಿರದ ದೊಡ್ಡ ನಗರ ಲಿಮಾ ಎಂದು ಹಿಡಿದರೆ ಬೆಂಗಳೂರಿನಿಂದ ಅಲ್ಲಿಗೆ ಸುಮಾರು 17,300 ಕಿಲೋಮೀಟರ್. ವಿಮಾನದ ಶಕ್ತಿಯ ದೃಷ್ಟಿಯಿಂದ ಇದು ಅಸಾಧ್ಯವೇನಲ್ಲ: 2005ರ ನವೆಂಬರ್‌ನಲ್ಲಿ ಬೋಯಿಂಗ್ 777-200 ಎಲ್‌ಆರ್ ವಿಮಾನವೊಂದು ಹಾಂಗ್‌ಕಾಂಗ್‌ನಿಂದ ಲಂಡನ್ನಿಗೆ ಬೇಕೆಂದೇ ಪೂರ್ವದ ದಾರಿಯಲ್ಲಿ, ಪೆಸಿಫಿಕ್ ಮತ್ತು ಅಟ್ಲಾಂಟಿಕ್ ಸಾಗರಗಳನ್ನು ದಾಟಿ, 22 ಗಂಟೆ 42 ನಿಮಿಷಗಳಲ್ಲಿ 21,602 ಕಿಲೋಮೀಟರ್ ಹಾರಿ ದಾಖಲೆ ಮಾಡಿತು. ಆದರೆ ಅದರಲ್ಲಿದ್ದವರು ಕೇವಲ 35 ಮಂದಿ. ಆ ಮಾದರಿಯ ವಿಮಾನ ನೆಲ ಬಿಡುವಾಗ ಇರಬಹುದಾದ ಗರಿಷ್ಠ ತೂಕ ಸುಮಾರು 347 ಟನ್, ಅದರಲ್ಲಿ ಎಂದಿನ ಟ್ಯಾಂಕುಗಳು ತುಂಬಿದ್ದರೆ ಇಂಧನವೇ ಸುಮಾರು 145 ಟನ್. ಇನ್ನೂ ದೂರ ಹೋಗಬೇಕೆಂದರೆ ಇನ್ನಷ್ಟು ಇಂಧನ ಹೊರಬೇಕು. ಹಾಗೆ ಹೊತ್ತ ಇಂಧನದ ಒಂದು ಪಾಲು ಆ ಇಂಧನವನ್ನು ಹೊರುವುದಕ್ಕೇ ಖರ್ಚಾಗುತ್ತದೆ, ಉಳಿದ ತೂಕದಲ್ಲಿ ಪ್ರಯಾಣಿಕರನ್ನೂ ಸರಕನ್ನೂ ಕಡಿಮೆ ಮಾಡಬೇಕಾಗುತ್ತದೆ. ಸಿಡ್ನಿಯಿಂದ ಲಂಡನ್ನಿಗೆ ಸುಮಾರು 17,000 ಕಿಲೋಮೀಟರನ್ನು ಒಂದೇ ನೆಗೆತದಲ್ಲಿ ಹಾರಲು ಕ್ವಾಂಟಾಸ್ ಸಂಸ್ಥೆ ಏರ್‌ಬಸ್ ಎ350-1000 ವಿಮಾನಕ್ಕೆ 20,000 ಲೀಟರಿನ ಹೆಚ್ಚುವರಿ ಟ್ಯಾಂಕನ್ನು ಹಾಕಿಸಿ, ಆಸನಗಳ ಸಂಖ್ಯೆಯನ್ನು 238ಕ್ಕೆ ಇಳಿಸಿದೆ. ಸಾಧಾರಣವಾಗಿ ಅದೇ ವಿಮಾನದಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿ ಕೂರುತ್ತಾರೆ. ಅಷ್ಟು ದುಬಾರಿಯ ಟಿಕೆಟ್ ಕೊಂಡು ದಿನವೂ ಬೆಂಗಳೂರಿನಿಂದ ಲಿಮಾಗೆ ಹೋಗುವವರು ಇನ್ನೂರು ಮಂದಿ ಸಿಗುವುದಾದರೆ ಆ ವಿಮಾನವೂ ಹಾರೀತು. ಅಲ್ಲಿಯವರೆಗೆ ಯುರೋಪಿನಲ್ಲಿಯೋ ಅಮೆರಿಕದಲ್ಲಿಯೋ ಇಳಿದು ಇನ್ನೊಂದು ವಿಮಾನ ಹತ್ತಬೇಕು.